ಹಗಲಲ್ಲಿ ಹೇಳಬಾರದ ಕತೆ

ನಸುಕಿನಲ್ಲೇ ಬೆಂಗಳೂರು ಬಿಟ್ಟೆವು. ಜೊತೆಯಲ್ಲಿ ರೂತ್ ಇದ್ದರು. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಹೆಂಗಸು. ಕುರಿ ಸಾಕಿ ಕಂಬಳಿ ನೇಯುವವರು. ಅವರ ನುಡಿ ಅಥಬಾಸ್ಕನ್ ಎಂಬ ದೊಡ್ಡ ಬಳಗದ್ದು. ಆ ಬಳಗದ ನೆಂಟರು ಅಲಾಸ್ಕದ ಹಿಮದವರೆಗೂ ಇದ್ದಾರಂತೆ. ಆಂಧ್ರದ ಕಲ್ಯಾಣದುರ್ಗದ ಕಡೆ ಇರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ, ಸುತ್ತ ತೆಲುಗಿದ್ದರೂ, ಮಕ್ಕಳಾದಿಯಾಗಿ ಕನ್ನಡವೇ ಎಂದು ನಾನು ಬಡಾಯಿ ಕೊಚ್ಚಿದ್ದೆ. ಅದನ್ನು ಕೇಳಲೆಂದೇ ಅವರು ಹೊರಟಿದ್ದರು.

ಗಡಿಯ ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಹಿಂದೆ ಬಸ್ಸು ನಿಂತಾಗ ರೂತ್ ಹೇಳಿದರು: “ನನ್ನ ಮೊಮ್ಮಗಳಿಗೆ ನಮ್ಮ ಮಾತು ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ನಂತರ ಮನೆಯಲ್ಲಿ ಆ ಮಾತೇ ಇರುವುದಿಲ್ಲವೇನೋ ಅಂತ ಭಯ.” ಸಮಾಧಾನಕ್ಕೆ, ನಿಮ್ಮ ಹಳೆಯ ಕತೆಯೊಂದನ್ನು ಹೇಳಿ ಎಂದೆ. ಇಲ್ಲವೆಂದು ತಲೆಯಾಡಿಸಿ ಕಿಟಕಿಯತ್ತ ತಿರುಗಿಬಿಟ್ಟರು. ಬಿಗುಮಾನದ ಹೆಂಗಸು ಎಂದುಕೊಂಡೆ.

ಹಿಂದೂಪುರದಲ್ಲಿ ಉಗ್ಗಾನಿ ಎಂಬ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ರೂತ್ ಇನ್ನೊಂದು ಬಜ್ಜಿ ಕೇಳಿದರು. ಮಡಕಶಿರಾ ದಾಟಿ, ಪಾವಗಡದಲ್ಲಿ ಬಸ್ಸು ಬದಲಿಸಿ, ಕರ್ನಾಟಕಕ್ಕೊಮ್ಮೆ ಇಣುಕಿ ಮತ್ತೆ ಆಂಧ್ರಕ್ಕೆ ಬಂದೆವು. ಕಲ್ಯಾಣದುರ್ಗದಾಚೆಯ ಹಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು.

ದೊಡ್ಡಮ್ಮ ನಂಜಕ್ಕ ಮುದ್ದೆ, ಹುರುಳಿ ಸಾರು ಬಡಿಸಿದರು. ಅವರ ಮೊಮ್ಮಗಳು ಭಾರತಿ ನಾನು ಕೇಳಿದ್ದಕ್ಕೆಲ್ಲ ತೆಲುಗಿನಲ್ಲೇ ಜವಾಬು ಕೊಟ್ಟಳು.

“ಎಲ್ಲಾ ತಿಳೀತದೆ ಕಣಪ್ಪ, ಬಾಯಿ ಬಿಡಾಕಿಲ್ಲ. ಇಸ್ಕೂಲ್ನಾಗೆ ನಗ್ತಾರಂತೆ,” ಎಂದರು ದೊಡ್ಡಮ್ಮ.

ನನ್ನ ಬಡಾಯಿ ಮಣ್ಣು ಮುಕ್ಕಿತು. ಮಾನ ಉಳಿಸಿಕೊಳ್ಳಲು, ಸಂಜೆಯ ಬಸ್ಸು ಬರುವುದರೊಳಗೆ ಒಂದು ಕತೆಯಾದರೂ ಹೇಳು ಎಂದು ದೊಡ್ಡಮ್ಮನನ್ನು ಕಾಡಿದೆ.

“ಹಗಲೊತ್ತು ಕತೆ ಹೇಳ್ಬಾರ್ದು ಕಣ್ಲಾ! ದಾರೀಲಿರೋರು ದಾರಿ ತಪ್ತಾರೆ.”

ನಾಚಿಕೊಂಡೇ ಇದನ್ನು ರೂತ್‌ಗೆ ತಿಳಿಸಿದೆ. ಅವರ ಮುಖ ಅರಳಿತು. “ನಮ್ಮಲ್ಲೂ ಹೀಗೇ! ಹಳೆಯ ಕತೆಗಳು ಚಳಿಗಾಲಕ್ಕೇ ಮೀಸಲು. ಹಾವುಗಳು ಮಲಗಿರಬೇಕು. ಅದಕ್ಕೇ ಬಸ್ಸಿನಲ್ಲಿ ಹೇಳಲಿಲ್ಲ.”

“ಹಂಗಾದ್ರೆ ನಮ್ಮೋಳೇ ಬಿಡು,” ಎಂದರು ದೊಡ್ಡಮ್ಮ. “ಉಳ್ಕೊಳ್ಳಿ. ದೀಪ ಹಚ್ಚಿದ್ಮ್ಯಾಲೆ ಹೇಳ್ತೀನಿ.”

ಸಂಜೆಯ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ದೀಪ ಹಚ್ಚಿದ ಮೇಲೆ ಕುರುಬನ ಕಂಬಳಿ ಕದ್ದು ಹೊದ್ದ ನರಿಯ ಕತೆ ಶುರುವಾಯಿತು. ಹೂಂಗುಟ್ಟುವವರಿಲ್ಲದಿದ್ದರೆ ಕತೆ ಮುಂದೆ ಸಾಗುವುದಿಲ್ಲ. ಒಂದಕ್ಷರ ತಿಳಿಯದಿದ್ದರೂ ರೂತ್ ತಪ್ಪದೆ ಹೂಂಗುಟ್ಟಿದರು. ನರಿ ಕುರಿಹಟ್ಟಿಯ ಒಳಗೆ ಕಾಲಿಡುವಾಗ ದೊಡ್ಡಮ್ಮ ನಿಲ್ಲಿಸಿದರು.

“ಮುಂದೇನಾಯ್ತೋ... ಮರ್ತೇ ಹೋಯ್ತು.”

ಭಾರತಿ ತಡೆಯಲಾರದೆ ಎದ್ದು ಕೂತಳು. “ಅಯ್ಯೋ ಅವ್ವಾ, ಕಂಬ್ಳಿ ಕೆಳ್ಗೆ ಬಾಲ ಬಂದ್ಬುಟ್ಟಿತ್ತು! ಮರಿ ನೋಡ್ಬುಡ್ತು!” ಅಲ್ಲೊಂದು ಇಲ್ಲೊಂದು ತೆಲುಗು ಬೆರೆಸುತ್ತ, ನರಿ ಒದೆ ತಿಂದು ಓಡುವವರೆಗೂ ಕನ್ನಡದಲ್ಲೇ ಹೇಳಿದಳು. ದೊಡ್ಡಮ್ಮ ಹೂಂಗುಟ್ಟುತ್ತ ಕೂತಿದ್ದರು.

ಬೆಳಿಗ್ಗೆ ದೊಡ್ಡಮ್ಮ ಬಸ್ಸಿನವರೆಗೂ ಬಂದರು. ನಿಜಕ್ಕೂ ಮರೆತಿತ್ತಾ ಎಂದು ಕೇಳಿದೆ.

“ನಮ್ಮವ್ವ ಹೇಳ್ಕೊಟ್ಟ ಕತೆ ಕಣ್ಲಾ, ಮರೀತೀನಾ?”

ಅದನ್ನು ರೂತ್‌ಗೆ ಹೇಳಿದೆ. ಬಸ್ಸು ಹೊರಟರೂ ಅವರ ನಗು ನಿಲ್ಲಲಿಲ್ಲ. ಊರು ಮರೆಯಾದ ಮೇಲೆ ಕಣ್ಣೊರೆಸಿಕೊಂಡು ಹೇಳಿದರು:

“ಹಿಮ ಬೀಳಲಿ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಕತೆ ಹೇಳುತ್ತೇನೆ.”