ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಓಣಿಯ ಜನರ ಸೊಂಟವನ್ನು ನಮ್ಮ ಡಾಕ್ಟರಿಗಿಂತ ಚೆನ್ನಾಗಿ ಬಲ್ಲವಳು ಟೇಪಕ್ಕ. ಓದಿದ್ದು ಏಳನೇ ತರಗತಿ, ಕಸುಬು ಹೊಲಿಗೆ. ಕ್ಲಿನಿಕ್ಕಿನ ಎದುರು, ಬೀಗ ರಿಪೇರಿ ಅಂಗಡಿಗೂ ಮಹಡಿ ಮೆಟ್ಟಿಲಿಗೂ ನಡುವಿನ ಕಿಷ್ಕಿಂಧೆಯಂಥ ಜಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಷಿನ್ ತುಳಿಯುತ್ತಿದ್ದಾಳೆ. ಕತ್ತಿನಲ್ಲಿ ಸದಾ ಹಳದಿ ಟೇಪು. ನಾನು ಆ ಕ್ಲಿನಿಕ್ಕಿನ ನರ್ಸು. ಅವಳ ಬಗ್ಗೆ ಬರೆಯಲು ನನಗೊಂದು ಕಾರಣವಿದೆ. ಒಂದು ಬುಧವಾರ ನಾನು ಅವಳಿಗೆ ಆಡಿದ ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ.

ಅವಳು ನಮ್ಮಲ್ಲಿಗೆ ಬಂದದ್ದೇ ಒಂದು ಕಥೆ. ಮೊದಲು ಎಷ್ಟು ಜನ ರೋಗಿಗಳನ್ನು ನೋಡಿದೆವೋ ಅಷ್ಟಕ್ಕೆ ವಿಮೆಯವರು ದುಡ್ಡು ಕೊಡುತ್ತಿದ್ದರು. ಜನ ಮತ್ತೆ ಮತ್ತೆ ಕಾಯಿಲೆ ಬಿದ್ದರೆ ನಮಗೇ ಲಾಭ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಆಮೇಲೆ ನಿಯಮ ಬದಲಾಯಿತು. ಎಷ್ಟು ಜನ ಬಂದರು ಅಂತಲ್ಲ, ಎಷ್ಟು ಜನ ಸುಧಾರಿಸಿದರು ಅಂತ ನೋಡಿ ಕೊಡುತ್ತೇವೆ ಎಂದರು. ಅಲ್ಲಿಯವರೆಗೆ ತಲೆ ಎತ್ತದೆ ಮಾತ್ರೆ ಬರೆಯುತ್ತಿದ್ದ ಡಾಕ್ಟರಿಗೆ, ಜನ ಏನು ತಿನ್ನುತ್ತಾರೆ, ಎಷ್ಟು ನಿದ್ದೆ ಮಾಡುತ್ತಾರೆ, ಎಷ್ಟು ನಡೆಯುತ್ತಾರೆ ಎಂಬುದೆಲ್ಲ ಇದ್ದಕ್ಕಿದ್ದಂತೆ ಮುಖ್ಯವಾಯಿತು. ಬೆಳಿಗ್ಗೆ ನಡಿಗೆಯ ಗುಂಪು ಶುರುವಾಯಿತು. ಹಿಂದಿನ ಉಗ್ರಾಣ ಖಾಲಿ ಮಾಡಿ ಅಡುಗೆ ಕಲಿಸುವ ಕೋಣೆ ಮಾಡಿದರು.

ಆದರೆ ಜನ ನನಗೆ ಸುಳ್ಳು ಹೇಳುತ್ತಿದ್ದರು. "ಸಿಹಿ ಮುಟ್ಟೇ ಇಲ್ಲ ಸಿಸ್ಟರ್" ಎನ್ನುವವರ ಮೀಸೆಯಲ್ಲಿ ಸಕ್ಕರೆ ಪುಡಿ ಇರುತ್ತಿತ್ತು. ಟೇಪಕ್ಕನ ಮುಂದೆ ಈ ಆಟ ನಡೆಯುತ್ತಿರಲಿಲ್ಲ. ಶಾಲೆಯ ಚಡ್ಡಿಯಿಂದ ನಿವೃತ್ತಿಯ ಕೋಟಿನವರೆಗೆ ಎಲ್ಲರ ಅಳತೆಯೂ ಅವಳ ಪುಸ್ತಕದಲ್ಲಿತ್ತು. ರೋಗಿಗಳ ಅಳತೆ ನೋಡಲೆಂದು ಡಾಕ್ಟರು ಅವಳನ್ನು ಅರ್ಧ ದಿನದ ಕೆಲಸಕ್ಕೆ ಕರೆದರು. ಯಾವ ಬಟ್ಟೆ ಹೊಲಿದರೂ ಮುಂದೆ ಸಡಿಲಿಸಲು ಬರಲಿ ಎಂದು ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಿಸಿಡುವುದು ಅವಳ ಪದ್ಧತಿ. ಅದನ್ನೇ ಇಟ್ಟುಕೊಂಡು ದಪ್ಪಗಿನವರನ್ನು ಕಾಡುತ್ತಿದ್ದಳು. "ಒಳಗಿದ್ದದ್ದೆಲ್ಲ ಹೋದ ವರ್ಷವೇ ಬಿಚ್ಚಿ ಕೊಟ್ಟಾಯ್ತು. ಇನ್ನು ಪ್ಯಾಂಟು ದೊಡ್ಡದಾಗಲ್ಲ, ನೀವೇ ಚಿಕ್ಕವರಾಗಬೇಕು."

ವಿಮೆಯವರ ಪಟ್ಟಿಯಲ್ಲಿ ನೂರು ಜನ. ವರ್ಷ ಮುಗಿಯುವ ಹೊತ್ತಿಗೆ ಅರವತ್ತು ಜನರಾದರೂ ತೂಕ, ಸಕ್ಕರೆ, ರಕ್ತದೊತ್ತಡ ಇಳಿಸಿಕೊಂಡಿರಬೇಕು. ಇಲ್ಲದಿದ್ದರೆ ಅಡುಗೆ ಕೋಣೆಯೂ ಇಲ್ಲ, ಟೇಪಕ್ಕನ ಕೆಲಸವೂ ಇಲ್ಲ. ಗುರಿ ಮುಟ್ಟಿದವರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದವಳು ನಾನೇ. ಆ ವಾರ ಸರಿಯಾಗಿ ಅರವತ್ತಾಗಿತ್ತು. ಗುರುವಾರ ವಿಮೆಯವರು ನೋಡಲು ಬರುವವರಿದ್ದರು.

ಹಲಗೆಯ ಮೇಲಿನ ಮೊದಲ ಹೆಸರು ಟೇಪಕ್ಕನ ಅಣ್ಣನದು. ಬೇಕರಿಯವನು. ತೊಂಬತ್ತೆಂಟು ಕಿಲೋ ಇದ್ದವನು ಏಳು ತಿಂಗಳಲ್ಲಿ ಎಪ್ಪತ್ತಾರಕ್ಕೆ ಬಂದಿದ್ದ. ಸೋಮವಾರ ಸೋಮವಾರ ಡಾಕ್ಟರು ಅವನನ್ನು ಮುಂದೆ ನಿಲ್ಲಿಸುತ್ತಿದ್ದರು. ಅವನು ಪ್ಯಾಂಟಿನ ಸೊಂಟ ಹಿಡಿದು ಎಳೆದು, ಒಳಗೆ ಎಷ್ಟು ಜಾಗ ಇದೆ ಎಂದು ತೋರಿಸುತ್ತಿದ್ದ. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು.

ಬುಧವಾರ ಬೆಳಿಗ್ಗೆ ನಡಿಗೆಯವರು ಇನ್ನೂ ವಾಪಸಾಗಿರಲಿಲ್ಲ. ಟೇಪಕ್ಕ ಅಣ್ಣನ ಪ್ಯಾಂಟು, ಅಂಗಿ ಮೊಳಕೈ ಮೇಲೆ ಹಾಕಿಕೊಂಡು ಬಂದಳು.

"ಸಿಸ್ಟರ್, ಅಣ್ಣನ ಹೆಸರು ಹಲಗೆಯಿಂದ ತೆಗೀರಿ."

"ಯಾಕೆ? ನಾಳೆ ಅವರು ಬರ್ತಾರೆ, ಗೊತ್ತಲ್ಲ?"

"ಗೊತ್ತು. ಅವನು ತೂಕ ಇಳಿಸ್ತಾ ಇಲ್ಲ, ಸವೆದು ಹೋಗ್ತಾ ಇದ್ದಾನೆ." ಅಂಗಿಯನ್ನು ಮೇಜಿನ ಮೇಲೆ ಹರಡಿದಳು. "ನಡೆದು ಇಳಿಯೋರಿಗೆ ಸೊಂಟ ಮೊದಲು ಹೋಗುತ್ತೆ, ಕತ್ತು ಕೊನೆಗೆ. ನನ್ನ ಪುಸ್ತಕದಲ್ಲಿ ಯಾರ ಕಾಲರೂ ಒಂದು ಬೆರಳಿಗಿಂತ ಸಡಿಲ ಆಗಿಲ್ಲ. ಇವನದು ಎರಡೂವರೆ ಇಂಚು. ಭುಜದ ಹೊಲಿಗೆ ತೋಳಿಗೆ ಇಳಿದಿದೆ." ಆಮೇಲೆ ಪ್ಯಾಂಟಿನ ಒಳಮೈ ಹೊರಗೆ ತಿರುಗಿಸಿ ತೊಡೆಸಂದು ತೋರಿಸಿದಳು. "ನಡೆಯೋರ ಪ್ಯಾಂಟು ಇಲ್ಲಿ ಸವೆಯುತ್ತೆ. ಇದನ್ನ ಹೊಲಿದು ಎರಡು ತಿಂಗಳಾಯ್ತು. ಬಟ್ಟೆಯ ಹೊಳಪೂ ಹೋಗಿಲ್ಲ."

ತಾನಾಗಿ ಇಳಿಯುವ ತೂಕವನ್ನು ನಂಬಬೇಡ ಎಂದು ನನಗೆ ಮೊದಲ ವರ್ಷವೇ ಕಲಿಸಿದ್ದರು. ಕಲಿತದ್ದು ಎಲ್ಲಿ ಹೋಗಿತ್ತೋ. ನನ್ನ ಕಣ್ಣಿಗೆ ಕಂಡದ್ದು ಹಲಗೆಯ ಮೇಲಿನ ಆ ಅರವತ್ತು ಮಾತ್ರ.

"ನಾಳೆ ಒಂದು ದಿನ ಕಳೀಲಿ ಟೇಪಕ್ಕ, ಆಮೇಲೆ ನೋಡೋಣ" ಎಂದೆ.

"ನಾಳೆ ದೊಡ್ಡವರ ಎದುರು ಚಪ್ಪಾಳೆ ಬಿದ್ದರೆ ಮುಗೀತು. ಆಮೇಲೆ ಅವನು ಯಾರ ಮಾತೂ ಕೇಳಲ್ಲ."

"ಅಣ್ಣನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರೆ ನಿಮಗ್ಯಾಕೆ ಹೊಟ್ಟೆಕಿಚ್ಚು?"

ಹೌದು, ಅದೇ ಮಾತು. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಹಲಗೆಯ ಹತ್ತಿರ ಹೋಗಿ ಅಣ್ಣನ ಹೆಸರನ್ನೂ ಅರವತ್ತನ್ನೂ ಅಂಗೈಯಿಂದ ಒರೆಸಿಬಿಟ್ಟಳು.

ಅಷ್ಟರಲ್ಲಿ ನಡಿಗೆಯವರು ಒಳಗೆ ಬಂದರು. ಬೇಕರಿಯವನು ಕೊನೆಯಲ್ಲಿದ್ದ. ಹಲಗೆ ನೋಡಿದವನೇ ನಿಂತ.

"ಯಾರು ಅಳಿಸಿದ್ದು?"

"ನಾನು" ಎಂದಳು ಟೇಪಕ್ಕ. "ಇವತ್ತು ಎಲ್ಲಿವರೆಗೆ ನಡೆದೆ?"

"ಸೇತುವೆವರೆಗೆ."

ಜೊತೆಯವರು ಮುಖ ಮುಖ ನೋಡಿಕೊಂಡರು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ನೆಲ ನೋಡುತ್ತಾ ಹೇಳಿದರು. "ಇವರು ಪಾರ್ಕಿನ ಬೆಂಚಲ್ಲಿ ಕೂತ್ಕೋತಾರೆ. ನಾವು ತಿರುಗಿ ಬರುವಾಗ ಸೇರ್ಕೋತಾರೆ. ಎರಡು ತಿಂಗಳಾಯ್ತು."

ಬೇಕರಿಯವನ ಮುಖ ಕಪ್ಪಿಟ್ಟಿತು. "ಅಪ್ಪ ಹೋದ ಮೇಲೆ ನಿನ್ನ ಸಾಕಿದ್ದು ಇದಕ್ಕೇನಾ?" ಎಂದು ತಂಗಿಯ ಮೇಲೆ ಏರಿಹೋದ. ಅವಳು ಅಲುಗಾಡಲಿಲ್ಲ. ಕತ್ತಿನ ಟೇಪು ತೆಗೆದು, ಎಲ್ಲರ ಎದುರೇ ಅವನ ಕತ್ತಿಗೆ ಸುತ್ತಿದಳು. ಅವನು ಕೈ ಎತ್ತಿ ತಳ್ಳಲು ಹೋದ. ಕೈಯಲ್ಲಿ ಬಲವೇ ಇರಲಿಲ್ಲ.

"ಊಟ ಸೇರುತ್ತಾ?" ಅವಳ ದನಿ ಈಗ ಇಳಿದಿತ್ತು.

ಅವನು ಬೆಂಚಿನ ಮೇಲೆ ಕೂತ. ಆಮೇಲೆ ಹೇಳಿದ. "ಎರಡು ತುತ್ತಿಗೆ ಹೊಟ್ಟೆ ತುಂಬಿಬಿಡುತ್ತೆ. ನಡೆದರೆ ಏದುಸಿರು ಬರುತ್ತೆ. ನಲವತ್ತು ವರ್ಷ ಒಲೆ ಮುಂದೆ ನಿಂತೆ, ಯಾರೂ ಒಂದು ಸಲ ಭೇಷ್ ಅನ್ನಲಿಲ್ಲ. ಇಲ್ಲಿ ಅಂದರು. ಅದಕ್ಕೆ ಹೇಳಲಿಲ್ಲ."

ಚಪ್ಪಾಳೆ ತಟ್ಟಿದವರಲ್ಲಿ ನನ್ನ ಕೈಯೇ ಎಲ್ಲಕ್ಕಿಂತ ಜೋರಾಗಿತ್ತು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ.

ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವನನ್ನು ಒಳಗೆ ಕರೆದುಕೊಂಡು ಹೋದರು. ಇಪ್ಪತ್ತು ನಿಮಿಷ ಬಾಗಿಲು ತೆರೆಯಲಿಲ್ಲ. ಹೊರಗಿದ್ದವರು ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ಡಾಕ್ಟರು ದೊಡ್ಡ ಆಸ್ಪತ್ರೆಗೆ ಬರೆದ ಚೀಟಿ ಹಿಡಿದು ಬಂದರು. "ಕಣ್ಣಿನ ರೆಪ್ಪೆಯೊಳಗೆ ರಕ್ತವೇ ಇಲ್ಲ, ಬಿಳಚಿದೆ. ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗ್ತಾ ಇದೆ. ನಾನು ತೂಕದ ಕಾಗದ ನೋಡಿದೆ, ಮನುಷ್ಯನನ್ನ ನೋಡಲಿಲ್ಲ." ನನ್ನ ಕಡೆ ತಿರುಗಿ, "ಐವತ್ತೊಂಬತ್ತು ಅಂತ ಬರೀರಿ" ಎಂದರು.

ಗುರುವಾರ ಬಂದವರು ಎಲ್ಲ ಕೇಳಿಸಿಕೊಂಡು ಮರುಗಿದರು. ಮರುಗಿ, ನಿಯಮ ನಿಯಮವೇ ಎಂದರು. ಅಡುಗೆ ಕೋಣೆ ಮತ್ತೆ ಉಗ್ರಾಣವಾಯಿತು. ಟೇಪಕ್ಕನ ಅರ್ಧ ದಿನದ ಕೆಲಸ ಹೋಯಿತು. ನಡಿಗೆಯ ಗುಂಪು ಮಾತ್ರ ಉಳಿಯಿತು, ರಸ್ತೆಯಲ್ಲಿ ನಡೆಯಲು ಯಾರ ಒಪ್ಪಿಗೆಯೂ ಬೇಕಿಲ್ಲವಲ್ಲ.

ಜಠರದಲ್ಲಿ ಗೆಡ್ಡೆ ಇತ್ತು. ಆಪರೇಷನ್ ಮಾಡಿ ಅರ್ಧ ಜಠರ ತೆಗೆದರು. ಬೇರೆ ಕಡೆ ಹರಡಿದೆಯೋ ಇಲ್ಲವೋ ಎಂಬ ವರದಿಗೆ ಹನ್ನೊಂದು ದಿನ ಕಾಯಬೇಕಾಯಿತು. ಅಷ್ಟು ದಿನವೂ ಅಣ್ಣ ತಂಗಿಯ ಜೊತೆ ಮಾತು ಬಿಟ್ಟಿದ್ದ. ಅವಳು ದಿನವೂ ವಾರ್ಡಿನ ಹೊರಗೆ ಕೂತು ಯಾರದೋ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಹನ್ನೆರಡನೆಯ ದಿನ, ಹರಡಿಲ್ಲ, ಇನ್ನೆರಡು ತಿಂಗಳು ತಡವಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದರು ಸರ್ಜನ್. ಅವತ್ತು ಅವನು ಒಳಗಿನಿಂದಲೇ ಕೂಗಿದ. "ಆ ಗುಂಡಿಯವಳನ್ನ ಒಳಗೆ ಕರೀರಿ."

ಮೂರು ತಿಂಗಳ ಮೇಲೆ ಯೂನಿಫಾರ್ಮಿನ ಗುಂಡಿಯ ನೆಪ ಮಾಡಿಕೊಂಡು ನಾನು ಅವಳ ಅಂಗಡಿಗೆ ಹೋದೆ. "ಟೇಪಕ್ಕ, ಅವತ್ತು ನಾನು ಆಡಿದ್ದು ತಪ್ಪು" ಎಂದೆ.

"ಗುಂಡಿಗೆ ಬಂದ್ರಾ, ಇದಕ್ಕೆ ಬಂದ್ರಾ?" ಎಂದಳು. "ಎರಡಕ್ಕೂ ಕೂತ್ಕೊಳ್ಳಿ."

ಅಣ್ಣನೂ ಅಲ್ಲೇ ಸ್ಟೂಲಿನ ಮೇಲಿದ್ದ. ಅರವತ್ತೊಂದು ಕಿಲೋ, ಅಂಗಿಯೊಳಗೆ ಬರೀ ಭುಜದ ಮೂಳೆ. ತನ್ನ ಹಳೆಯ ಪ್ಯಾಂಟುಗಳನ್ನೆಲ್ಲ ಚಿಕ್ಕದು ಮಾಡಿಸಲು ತಂದಿದ್ದ. "ಹೆಚ್ಚಿರೋದನ್ನೆಲ್ಲ ಕತ್ತರಿಸಿ ಹಾಕು ಅಂದಿದ್ದೀನಿ, ಸಿಸ್ಟರ್" ಎಂದ. "ಇನ್ನು ನಾನು ಇಷ್ಟೇ."

ಅವಳು ಮೊದಲ ಪ್ಯಾಂಟು ಮುಗಿಸಿ ಅವನ ಮಡಿಲಿಗೆ ಹಾಕಿದಳು. ಅವನು ಅದರ ಸೊಂಟದ ಒಳಮೈ ಹೊರಗೆ ತಿರುಗಿಸಿ ನೋಡಿದ. ಬಟ್ಟೆಯ ಒಂದು ಎಳೆಯೂ ಕತ್ತರಿ ಕಂಡಿರಲಿಲ್ಲ. ಎರಡು ಬೆರಳಲ್ಲ, ಇಡೀ ಅಂಗೈಯಗಲ ಬಟ್ಟೆ ಒಳಗೆ ಮಡಿಕೆ ಮಡಿಕೆಯಾಗಿ ಕೂತಿತ್ತು.

"ಇಷ್ಟೊಂದು ಯಾಕೆ ಬಿಟ್ಟಿದ್ದೀಯ? ಸೊಂಟಕ್ಕೆ ಒತ್ತುತ್ತೆ."

"ಒತ್ತಲಿ" ಎಂದಳು ಟೇಪಕ್ಕ, ಮೆಷಿನ್ನಿನಿಂದ ಕಣ್ಣೆತ್ತದೆ. "ಮುಂದಿನ ವರ್ಷ ಬಾ, ಬಿಚ್ಚಿ ಕೊಡ್ತೀನಿ."