ಕೆಳಗಿನ ಗದ್ದೆಯ ಗುತ್ಯಮ್ಮ

ಹೊಸನಗರ ತಾಲೂಕಿನ ಆ ಕಣಿವೆಯಲ್ಲಿ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಹಳ್ಳಕ್ಕೆ ಇಳಿಯುತ್ತವೆ. ಮೇಲಿನ ಏಳು ಎಕರೆ ಶ್ರೀಕಾಂತ ಅವರದು. ಕಟ್ಟಕಡೆಯ ಒಂದೂಕಾಲು ಎಕರೆ ಅರವತ್ತೊಂದು ವರ್ಷದ ಗುತ್ಯಮ್ಮನದು. ಅವರ ಮಾವ ಜಟ್ಟಿಂಗಪ್ಪ ಅದನ್ನು ಶ್ರೀಕಾಂತರ ಅಜ್ಜನಿಂದ ಗೇಣಿಗೆ ಮಾಡುತ್ತಿದ್ದರು. ಭೂಸುಧಾರಣೆ ಕಾನೂನು ಬಂದಾಗ, ಉಳುವವರು ತಾವೆಂದು ಡಿಕ್ಲರೇಷನ್ ಕೊಟ್ಟು ತಮ್ಮ ಹೆಸರಿಗೆ ಪಡೆದರು. ಐವತ್ತು ವರ್ಷ ಕಳೆದರೂ ಎರಡು ಮನೆಗಳ ನಡುವೆ ಮಾತು ಬೇಕಾದಷ್ಟೇ. ನೀರು ಮಾತ್ರ ಯಾರನ್ನೂ ಕೇಳದೆ ಹರಿಯುತ್ತದೆ. ಶ್ರೀಕಾಂತರ ಗದ್ದೆಯ ಅಂಚಿನ ಕಂಡಿಯಿಂದ ಗುತ್ಯಮ್ಮನ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ.

ನೀರು ಹಳ್ಳಕ್ಕೆ ಬೀಳುವ ಜಾಗದಲ್ಲಿ ಗುತ್ಯಮ್ಮ ಮಳೆಗಾಲವಿಡೀ ಕೂಣಿ ಇಡುತ್ತಾರೆ. ಒಳಗೆ ಹೋದ ಮೀನು ಹೊರಗೆ ಬರಲಾಗದಂತೆ ಬಿದಿರಿನಲ್ಲಿ ಹೆಣೆದ ಬುಟ್ಟಿ ಅದು. ಹನ್ನೆರಡು ವರ್ಷದ ಹಿಂದೆ ಅವರು ಯೂರಿಯಾ ಮತ್ತು ಔಷಧಿ ಬಿಟ್ಟದ್ದು ಈ ಕೂಣಿಗಾಗಿ. ಔಷಧಿ ಹೊಡೆದ ವಾರ ಬುಟ್ಟಿ ಖಾಲಿ ಇರುತ್ತಿತ್ತು.

ಆ ಭಾಗದ ಹಳಬರು ರಾಸಾಯನಿಕ ಗೊಬ್ಬರಕ್ಕೆ ಈಗಲೂ ‘ಸರ್ಕಾರಿ ಗೊಬ್ಬರ’ ಎನ್ನುತ್ತಾರೆ. ಸರ್ಕಾರವೇ ಸಹಾಯಧನ ಕೊಟ್ಟು ಹಾಕಿಸಿದ್ದರಿಂದ ಬಂದ ಹೆಸರು. ಕಳೆದ ವರ್ಷ ಊರಿಗೆ ಬಂದ ಹೊಸ ಯೋಜನೆ, ಅದೇ ಗೊಬ್ಬರ ಬಿಟ್ಟವರಿಗೆ ಮೂರು ವರ್ಷ ಸಹಾಯಧನ ಎಂದಿತು. ಹನ್ನೆರಡು ರೈತರ ಗುಂಪಾಗಬೇಕು. ಮಳೆಗಾಲ ಮುಗಿದ ಮೇಲೆ ಒಬ್ಬರ ಜಮೀನಿಗೆ ಇನ್ನೊಬ್ಬರು ಸಾಕ್ಷಿಯಾಗಿ ಎಲ್ಲರೂ ಒಂದೇ ಹಾಳೆಗೆ ಸಹಿ ಹಾಕಬೇಕು. ಗುಂಪಿನ ಅಧ್ಯಕ್ಷರು ಶ್ರೀಕಾಂತ. ಏಳರಲ್ಲಿ ಮೇಲಿನ ಮೂರು ಎಕರೆಯನ್ನಷ್ಟೇ ಅವರು ಸೇರಿಸಿದ್ದರು. ನಡುವಿನ ನಾಲ್ಕು ಎಕರೆ ಗದ್ದೆಯಲ್ಲಿ ಹೊಸದಾಗಿ ಅಡಿಕೆ ಸಸಿ ನೆಟ್ಟಿದ್ದರು. ಅಲ್ಲಿ ಕಳೆನಾಶಕ ಬೇಕಿತ್ತು.

ಗುತ್ಯಮ್ಮನಿಗೆ ಆ ಪಟ್ಟಿಯಲ್ಲಿ ಹೆಸರು ಬೇಕಿತ್ತು. ಮಂಡಿ ಬಗ್ಗುತ್ತಿರಲಿಲ್ಲ, ಕಳೆ ಕೀಳಲು ಆಳು ಕರೆಯಲು ಆ ಹಣವಾದರೆ ಆಗುತ್ತಿತ್ತು. ಇಲ್ಲವಾದರೆ ತಾವೂ ಕಳೆನಾಶಕಕ್ಕೆ ಕೈ ಹಾಕಬೇಕಾಗುತ್ತದೆ ಎಂದು ಸೊಸೆ ತನುಜಾಗೆ ಹೇಳಿದ್ದರು.

ಜೂನ್‌ನಲ್ಲಿ ಯೋಜನೆಯ ಕ್ಷೇತ್ರ ಸಹಾಯಕ ರವೀಂದ್ರ ಗದ್ದೆ ನೋಡಲು ಬಂದರು.

“ಯಾಕಮ್ಮ ಸಾವಯವ ಮಾಡ್ಬೇಕು ಅನ್ನಿಸ್ತು?” ಎಂದು ಕೇಳಿದರು. ಫಾರಂನಲ್ಲಿ ಅದಕ್ಕೊಂದು ಕಲಂ ಇತ್ತು.

“ಮೀನ್ ಸಾರಿಗೆ.”

ರವೀಂದ್ರ ‘ಮಣ್ಣಿನ ಆರೋಗ್ಯ’ ಎಂದು ಬರೆದುಕೊಂಡರು. ಆಮೇಲೆ ಕಂಡಿಯ ಕಡೆ ನೋಡಿದರು. “ಈ ನೀರು?”

“ಮೇಲಿಂದ. ನೀರು ಇನ್ನೆಲ್ಲಿಂದ ಬರ್ತದೆ ಮಾರಾಯ್ರೇ?”

ವಾರದ ನಂತರ ಕಾಗದ ಬಂತು. ತನುಜಾ ಓದಿ ಹೇಳಿದರು: ರಾಸಾಯನಿಕ ಬಳಸುವ ಜಮೀನಿನ ನೀರು ಒಳಬರುವುದರಿಂದ ಅರ್ಜಿ ತಡೆಹಿಡಿಯಲಾಗಿದೆ. ಆ ನೀರು ನಿಲ್ಲಿಸಿದರೆ ಮತ್ತೆ ಪರಿಶೀಲಿಸಬಹುದು. ಶ್ರೀಕಾಂತರ ಮೂರು ಎಕರೆ ಮಂಜೂರಾಗಿತ್ತು. ಅದಕ್ಕಿಂತ ಮೇಲೆ ಕಾಡಷ್ಟೇ ಇದೆ, ಬೇರೆ ಯಾರ ಗದ್ದೆಯ ನೀರೂ ಅಲ್ಲಿಗೆ ಬರುವುದಿಲ್ಲ.

“ಹೊಡಿಯೋರು ಅವ್ರು, ಹೊಲಸಾಗಿದ್ದು ನಂದಾ?” ಎಂದು ಗುತ್ಯಮ್ಮ ಗುಂಪಿನ ಸಭೆಯಲ್ಲೇ ಕೇಳಿದರು.

ಶ್ರೀಕಾಂತ ನಕ್ಕರು. ಅವರಿಗೆ ನಲವತ್ತೆಂಟು. ಗುತ್ಯಮ್ಮನನ್ನು ಏಕವಚನದಲ್ಲೇ ಮಾತನಾಡಿಸುತ್ತಾರೆ. “ನಿನ್ ಗದ್ದೆ ತಗ್ಗಲ್ಲಿರದು ನನ್ ತಪ್ಪಾ ಗುತ್ಯಮ್ಮ? ನಿನ್ ಮಾವ ಡಿಕ್ಲರೇಷನ್ ಕೊಡವಾಗ ಮೇಲಿಂದೇ ಕೇಳ್ಬೇಕಿತ್ತು.”

ಜುಲೈ ಮೊದಲ ವಾರ ಗುತ್ಯಮ್ಮ ಮತ್ತು ತನುಜಾ ಕಲ್ಲು, ಮಣ್ಣಿನ ಹೆಂಟೆ ಹೊತ್ತು ತಂದು ಕಂಡಿ ಮುಚ್ಚಿದರು. ಮಳೆ ಹಿಡಿದು ಹೊಯ್ಯುತ್ತಿತ್ತು. ಮೂರನೇ ದಿನ ಅಡಿಕೆ ಸಸಿಗಳ ಬುಡದಲ್ಲಿ ಮೊಣಕಾಲಷ್ಟು ನೀರು ನಿಂತಿತು. ಶ್ರೀಕಾಂತ ಅಂಚಿನ ಮೇಲೆ ಬಂದು ನಿಂತರು.

“ಕಂಡಿ ಬಿಚ್ಚು.”

“ಬಿಚ್ಚದಿಲ್ಲ. ಸರ್ಕಾರದ ಕಾಗ್ದ ಐತೆ.”

“ಸಸಿ ಕೊಳೀತಾ ಇದೆ ಕಣೇ!”

“ಹಂಗಾರೆ ಈ ನಾಲ್ಕೆಕ್ರೆನೂ ಗುಂಪಿಗೆ ಹಾಕಿ. ಔಷ್ದಿ ಬಿಡಿ. ಈಗ್ಲೇ ಬಿಚ್ತೀನಿ.”

“ಇಷ್ಟು ಕಳೆ ನೀನ್ ಬಂದು ಕೀಳ್ತೀಯಾ?”

“ನಮ್ಮತ್ತೆ ಕಿತ್ತಿದ್ದು ಸಾಕಾಗ್ಲಿಲ್ವಾ ನಿಮ್ ಮನೀಗೆ?”

ಶ್ರೀಕಾಂತ ತಿರುಗಿ ಮನೆಗೆ ನಡೆದರು. ಎರಡು ದಿನ ಬಿಟ್ಟು ಜೆಸಿಬಿ ತರಿಸಿ, ತಮ್ಮ ಅಂಚಿನಲ್ಲೇ ಉದ್ದಕ್ಕೆ ಕಾಲುವೆ ತೆಗೆಸಿದರು. ನೀರು ಗುತ್ಯಮ್ಮನ ಗದ್ದೆಗೆ ಇಳಿಯದೆ ಪಕ್ಕದಿಂದಲೇ ಹಳ್ಳ ಸೇರಿತು. ಆಗಸ್ಟ್‌ನಲ್ಲಿ ರವೀಂದ್ರ ಬಂದು ಮುಚ್ಚಿದ ಕಂಡಿಯ ಫೋಟೊ ತೆಗೆದರು. ಪಟ್ಟಿಯಲ್ಲಿ ಗುತ್ಯಮ್ಮನ ಹೆಸರು ಹನ್ನೆರಡನೆಯದಾಗಿ ಸೇರಿತು.

ಮಳೆ ಸೆಪ್ಟೆಂಬರ್ ಮೂರನೇ ವಾರ ನಿಂತಿತು. ಭತ್ತ ಹೊಡೆ ಕಟ್ಟಿ ತೆನೆಗೆ ಅಣಿಯಾಗುವ ಹೊತ್ತು. ಹತ್ತು ದಿನದಲ್ಲಿ ಗದ್ದೆ ಬಿರುಕು ಬಿಟ್ಟಿತು. ಅಂಚಿನ ಆಚೆ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು.

“ಅತ್ತೆ, ಆ ನೀರು ಬಿಟ್ಕಂಡ್ರೆ ಹೆಸ್ರು ಹೋಗ್ತದೆ,” ಎಂದರು ತನುಜಾ.

“ಭತ್ತ ಹೋದ್ಮೇಲೆ ಹೆಸ್ರು ಇಟ್ಕಂಡು ಎಂತ ಮಾಡದು?”

ಗುತ್ಯಮ್ಮ ಗುದ್ದಲಿ ಹಿಡಿದುಕೊಂಡೇ ಶ್ರೀಕಾಂತರ ಅಂಗಳಕ್ಕೆ ಹೋದರು.

“ಬೇಡ ಅಂದಿದ್ದ ನೀರು ಕೇಳಕ್ಕೆ ಬಂದ್ಯಾ?”

“ಕೇಳಕ್ ಬಂದಿಲ್ಲ. ಕಾಲುವೆ ಒಡೀತೀನಿ ಅಂತ ಹೇಳಕ್ ಬಂದೆ.”

“ಒಡಿ. ಸಸಿ ಬುಡಕ್ಕೆ ಔಷಧಿ ಹೊಡ್ಸಿ ನಾಲ್ಕು ದಿನ ಆಯ್ತು. ಆಮೇಲೆ ನಂಗೆ ಹೇಳ್ಬೇಡ,” ಎಂದು ಶ್ರೀಕಾಂತ ಪೇಪರ್ ಓದಲು ಕುಳಿತರು.

ಗುತ್ಯಮ್ಮ ಆಗಲೇ ಹೋಗಿ ಕಾಲುವೆ ಒಡೆದು ನೀರನ್ನು ಗದ್ದೆಗೆ ತಿರುಗಿಸಿದರು. ಮರುದಿನ ಬೆಳಿಗ್ಗೆ ಕೂಣಿಯಲ್ಲಿ ಮೂರು ಏಡಿಗಳಿದ್ದವು. ಮೂರೂ ಹೊಟ್ಟೆ ಮೇಲಾಗಿ ಸತ್ತಿದ್ದವು. ಗುತ್ಯಮ್ಮ ಸೊಸೆಯ ಮೊಬೈಲಿನಿಂದ ರವೀಂದ್ರರಿಗೆ ಫೋನ್ ಮಾಡಿಸಿದರು.

“ಮೇಲಿನ್ ನೀರು ಬಿಟ್ಕಂಡೀನಿ. ನನ್ ಹೆಸ್ರು ತೆಗೀರಿ.”

“ಈಗ ಆಗಲ್ಲಮ್ಮ, ವರದಿ ಹೋಗಿದೆ. ನೀವು ಯಾರಿಗೂ ಹೇಳ್ಬೇಡಿ, ಸಾಕು. ಒಬ್ಬರದ್ದು ತೆಗೆದ್ರೆ ಗುಂಪೇ ಬಿದ್ದೋಗುತ್ತೆ.”

“ಬೀಳ್ಲಿ,” ಎಂದರು ಗುತ್ಯಮ್ಮ. ಆ ಕಡೆಯಿಂದ ಫೋನ್ ಇಟ್ಟಾಗಿತ್ತು.

ಕೊಯ್ಲು ಮುಗಿದ ಮೇಲೆ ಸಹಿಯ ಹಾಳೆ ಮನೆಮನೆಗೆ ಬಂತು. ತನುಜಾ ಓದಿದರು: ನಿಷೇಧಿತ ರಾಸಾಯನಿಕ ಯಾವ ರೀತಿಯಲ್ಲೂ ನಮ್ಮ ಜಮೀನುಗಳಿಗೆ ಸೇರಿಲ್ಲ ಎಂದು ಎಲ್ಲರೂ ದೃಢೀಕರಿಸುತ್ತೇವೆ. ಮೇಲೆ ಹನ್ನೊಂದು ಸಹಿಗಳಿದ್ದವು, ಮೊದಲನೆಯದು ಅಧ್ಯಕ್ಷರದು. ಗುತ್ಯಮ್ಮ ಹಾಳೆಯನ್ನು ಹಾಗೇ ವಾಪಸ್ ಕೊಟ್ಟರು. ರವೀಂದ್ರ ಎರಡು ಸಲ, ಗುಂಪಿನ ಜಯಪ್ಪ ನಾಲ್ಕು ಸಲ ಬಂದು ಹೋದರು. “ನಮ್ಮೋಳೇ ಆಗಿ ನಮ್ ಅನ್ನಕ್ಕೆ ಮಣ್ಣಾಕ್ತೀಯಲ್ಲೇ ಅಕ್ಕಾ,” ಎಂದು ಜಯಪ್ಪ ಹೇಳಿ ಹೋದದ್ದು ಕೊನೆಯ ಸಲ.

ಹನ್ನೆರಡು ಜನರಲ್ಲಿ ಯಾರಿಗೂ ಹಣ ಬಂದಿಲ್ಲ. ಊರಿನಲ್ಲಿ ಗುತ್ಯಮ್ಮನ ಜೊತೆ ಮಾತನಾಡುವವರು ಕಡಿಮೆ. ಕಾಲುವೆ ಒಡೆದ ಜಾಗ ಹಾಗೇ ಇದೆ. ಈ ಮೇ ತಿಂಗಳಲ್ಲಿ ತನುಜಾ ಪೇಟೆಯಿಂದ ಐದು ಲೀಟರಿನ ಕಳೆನಾಶಕದ ಕ್ಯಾನು ತಂದು ಕೊಟ್ಟಿಗೆಯಲ್ಲಿ ಇಟ್ಟರು. ಅತ್ತೆ ಅದನ್ನು ನೋಡಿದರು. ಅಲ್ಲೇ ಮೇಲಿನ ಬಿದಿರ ಗಳದಲ್ಲಿ ಕೂಣಿ ನೇತಾಡುತ್ತಿದೆ. ಕ್ಯಾನಿನ ಮುಚ್ಚಳದ ಸೀಲು ಇನ್ನೂ ಒಡೆದಿಲ್ಲ. ಕಳೆ ಏಳಲು ಇನ್ನು ಒಂದು ತಿಂಗಳಿದೆ.