‘ತಡಿರಿ’ ಎಂಬ ಒಂದು ಮಾತು

ನನ್ನ ಸೊಸೆ ಪಂಚಶೀಲಾ ಯಾದಗಿರಿಯ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಕೊಟ್ಟ ಚೆಕ್ಕನ್ನು ನಿಲ್ಲಿಸಿ ಎಂದು ಗಿರಾಕಿಗಳು ಮೊಬೈಲಿನಿಂದ ಕಳಿಸುವ ಅರ್ಜಿಗಳನ್ನು ನೋಡುವುದು ಅವಳ ಕೆಲಸ. ಆರು ವರ್ಷವಾದರೂ ನೌಕರಿ ಕಾಯಂ ಆಗಿಲ್ಲ. ಹೋದ ತಿಂಗಳು ಶಹಾಪುರದ ಒಬ್ಬರು ಚೆಕ್ಕಿನ ನಂಬರನ್ನೇ ತಪ್ಪು ಬರೆದಿದ್ದರು; ನೋಟಿಸು ಬಂದದ್ದು ಇವಳಿಗೆ. ಇನ್ನೊಂದು ತಪ್ಪಾದರೆ ನೌಕರಿ ಇಲ್ಲ ಎಂದು ಅದರಲ್ಲಿತ್ತು.

ಆ ಬುಧವಾರ ಬುತ್ತಿ ಮರೆತು ಹೋಗಿದ್ದಳು. ಎರಡು ಗಂಟೆಗೆ ನಾನೇ ಒಯ್ದೆ. ಮೈಸೂರು ಕಡೆಯ ಮ್ಯಾನೇಜರು ಅವಳ ಕುರ್ಚಿಯ ಹಿಂದೆ ನಿಂತಿದ್ದರು.

ವಡಗೇರಾದ ಮಾನಪ್ಪ ಎಂಬ ಗಿರಾಕಿ ಎಮ್ಮೆ ಕೊಂಡು ಚೆಕ್ ಕೊಟ್ಟಿದ್ದನಂತೆ. ಎಮ್ಮೆ ಹಾಲು ಕೊಡುತ್ತಿಲ್ಲ, ಚೆಕ್ ನಿಲ್ಲಿಸಿ ಎಂದು ಹಿಂದಿನ ರಾತ್ರಿ ಅರ್ಜಿ ಹಾಕಿದ್ದ. ಇವಳು ಅದನ್ನು ತೆಗೆಯುವ ಮೊದಲೇ ಅದೇ ಚೆಕ್ಕಿನ ನಂಬರಿಗೆ ಅವನದೇ ಇನ್ನೊಂದು ಅರ್ಜಿ ಬಂದಿತ್ತು. ಕಾರಣ ಬರೆಯುವ ಜಾಗದಲ್ಲಿ ಒಂದೇ ಮಾತು: ತಡಿರಿ. ಚೆಕ್ಕೂ ಬಂದು ಕೂತಿತ್ತು. ಮೂರರೊಳಗೆ ಬಿಡಬೇಕು, ಇಲ್ಲವೇ ನಿಲ್ಲಿಸಬೇಕು.

“ತಡೀರಿ ಅಂದ್ರೆ ನಿಲ್ಲಿಸಿ ಅಂತ ತಾನೇ? ನಿಲ್ಸಮ್ಮ ಅತ್ಲಾಗೆ,” ಎಂದರು ಮ್ಯಾನೇಜರು.

“ನಮ್ ಕಡಿ ತಡಿರಿ ಅಂದ್ರ ಕಾಯ್ರಿ ಅಂತನೂ ಆಗ್ತದ್ರಿ ಸರ್. ನಿಲ್ಲಸಬ್ಯಾಡ್ರಿ ಅನ್ನಾಕತ್ತಾನೇನೋ.”

“ತಪ್ಪಾದ್ರೆ ಸಹಿ ನಿಮ್ದು, ನನ್ದಲ್ಲ.”

ಅವಳು ನನ್ನ ಕಡೆ ತಿರುಗಿದಳು. “ಅತ್ತಿ, ನೀವರ ಹೇಳ್ರಿ. ತಡಿರಿ ಅಂದ್ರ ಏನು?”

ನಮ್ಮ ಮನೆಯವರು ಬದುಕಿದ್ದಾಗ ಗೋಗಿಯ ಹೊಲದಲ್ಲಿ ‘ನೀರು ತಡಿ’ ಎಂದರೆ ನಾನು ಕಾಲುವೆ ಬಾಯಿಗೆ ಮಣ್ಣು ಹಾಕಬೇಕಿತ್ತು. ಉಣ್ಣಲು ಕರೆದಾಗ ‘ತಡಿ’ ಎಂದರೆ ರೊಟ್ಟಿ ಮುಚ್ಚಿಟ್ಟು ಕೂರಬೇಕಿತ್ತು.

“ಅಂದಾಂವನ ಮಾರಿ ನೋಡಿದ್ರ ಗೊತ್ತಾಗ್ತದವ್ವ,” ಎಂದೆ.

“ಮಾರಿ ಎಲ್ಲಿಂದ ತರ್ಲಿ ಅತ್ತಿ? ಇದ್ರಾಗ ಅಕ್ಷರ ಅಷ್ಟ ಬರ್ತಾವ.”

ಫೋನ್ ಮೇಲೆ ಫೋನ್ ಮಾಡಿದಳು. ಬುತ್ತಿ ಬಿಚ್ಚಲಿಲ್ಲ. ಮೂರಕ್ಕೆ ಹದಿನೈದು ನಿಮಿಷವಿದ್ದಾಗ ಮಾನಪ್ಪ ಎತ್ತಿದ. ಅವನ ದನಿ ನನ್ನ ಬೆಂಚಿನವರೆಗೂ ಕೇಳಿತು.

“ತಡಿರಿ ಅಂತ ಬರ್ದೀನಲ್ರಿ ಬಾಯಾರ, ಓದಾಕ ಬರಂಗಿಲ್ಲೇನು?”

“ಓದಾಕ ಬರ್ತದ. ಚೆಕ್ ಬಿಡ್ಲ್ಯಾ, ನಿಲ್ಲಸ್ಲ್ಯಾ?”

“ಬಿಡ್ರಿ, ಬಿಡ್ರಿ! ಮುಂಜಾನಿ ಎರಡು ಚರಗಿ ಹಾಲು ಕೊಟ್ಟದ ಎಮ್ಮಿ. ಮದ್ಲು ಕರು ಬಿಟ್ಟಿರಲಿಲ್ಲ ನಾವು.”

“ಮತ್ತ ನಿಲ್ಲಸೂ ಅರ್ಜಿನೇ ಯಾಕ ಹಾಕಿದ್ರಿ?”

“ಬ್ಯಾರೆ ಅರ್ಜಿ ಎಲ್ಲದ್ರಿ ಅದ್ರಾಗ? ಹುಡುಕಿ ಹುಡುಕಿ ಸಾಕಾಯ್ತು.”

ನಿಜವೇ, ಅರ್ಜಿ ವಾಪಸು ಪಡೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಚೀಟಿ ಬರೆದು, ಸಹಿ ಮಾಡಿ, ಫೋಟೊ ಕಳಿಸಲು ಹೇಳಿದಳು. ಮೂರಕ್ಕೆ ಎರಡು ನಿಮಿಷವಿದ್ದಾಗ ಬಂತು. ಮ್ಯಾನೇಜರು ನೋಡಿ ತಮ್ಮ ಕೋಣೆಗೆ ಹೋದರು. ಅವಳು ಚೆಕ್ ಬಿಟ್ಟಳು. ನೌಕರಿ ಉಳಿಯಿತು, ಆ ದಿನದ ಮಟ್ಟಿಗೆ. ಆಗಲೇ ಸುರಪುರದಿಂದ ಇನ್ನೊಂದು ಅರ್ಜಿ ಬಂದಿತ್ತು.

ಸಂಜೆ ಮನೆಯಲ್ಲಿ ಉಣ್ಣಲು ಕರೆದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ, “ತಡಿರಿ ಅತ್ತಿ,” ಎಂದಳು.

ಅವಳ ಮುಖ ನೋಡಿದೆ. ರೊಟ್ಟಿ ಮುಚ್ಚಿಟ್ಟು ಪಕ್ಕದಲ್ಲಿ ಕೂತೆ.